ಓಲ್ಡ್ ಸ್ಪೈಸ್ ಬದಲಾಯಿತು, ನಮ್ಮ ಬೆವರಿಗೆ ಕೆಟ್ಟ ಹೆಸರು ಬಂತು

ಗಡ್ಡ ಹೆರೆದ ಮೇಲೆ ಕೆನ್ನೆ ಚುರ್ ಅನ್ನಿಸುವ ಬಾಟಲಿ, ಮೇಲೊಂದು ಹಾಯಿ ಹಡಗು. ಓಲ್ಡ್ ಸ್ಪೈಸ್ ಅಂದರೆ ನಮ್ಮ ಕಡೆ ಹಿರಿಯರಿಗೆ ಇವತ್ತಿಗೂ ಅದೇ. ಆದರೆ ಈ ಹೆಸರು ಮೊದಲು ಬಂದದ್ದು ಹೆಂಗಸರ ಸುಗಂಧಕ್ಕೆ ಅಂದರೆ ನಂಬುತ್ತೀರಾ? ಅಮೆರಿಕದ ಶುಲ್ಟನ್ ಕಂಪನಿ 1937ರಲ್ಲಿ ಅದನ್ನು ತಂದಿತು. ಗಂಡಸರ ಸರದಿ ಬಂದದ್ದು 1938ರಲ್ಲಿ. ಘಮ ಚಕ್ಕೆ ಲವಂಗದ್ದು, ಅಂದರೆ ನಮ್ಮ ಪಲಾವಿನ ಡಬ್ಬಿಯದ್ದೇ!

1990ರಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಇದನ್ನು ಕೊಂಡಿತು. ಅಷ್ಟರಲ್ಲಿ ಅಮೆರಿಕದ ಹುಡುಗರ ಬಾಯಲ್ಲಿ ಅದು 'ಅಜ್ಜನ ವಾಸನೆ' ಆಗಿತ್ತು. ಕಂಪನಿ ಡಿಯೋಡರೆಂಟ್, ಬಾಡಿ ವಾಶ್ ಕಡೆ ತಿರುಗಿತು. ಅಲ್ಲಿಂದ ಮುಂದಿನದು ಮಜವಾಗಿದೆ. ಗ್ಲೇಸಿಯಲ್ ಫಾಲ್ಸ್ ಎಂಬ ಒಂದು ಪರಿಮಳ ಸರಿಯಾಗಿ ಓಡುತ್ತಿರಲಿಲ್ಲ. 2008ರಲ್ಲಿ ಅದಕ್ಕೇ ಸ್ವ್ಯಾಗರ್ ಅಂತ ಹೆಸರಿಟ್ಟು ಹೊಸ ಜಾಹೀರಾತು ಕೊಟ್ಟರು, ಭರ್ಜರಿ ಓಡಿತು. 2010ರಲ್ಲಿ ಇಸಾಯಾ ಮುಸ್ತಾಫಾ ಟವೆಲ್ ಸುತ್ತಿಕೊಂಡು ನಿಂತು ಮಾತಾಡಿಸಿದ್ದು ಗಂಡಸರನ್ನಲ್ಲ, ಹೆಂಗಸರನ್ನು. ಮನೆಗೆ ಸಾಮಾನು ತರುವವರು ಯಾರು ಅಂತ ಕಂಪನಿಗೆ ಗೊತ್ತಿತ್ತು.

ಬುದ್ಧಿವಂತ ವ್ಯಾಪಾರ, ಒಪ್ಪೋಣ. ನಮ್ಮ ತಕರಾರು ಬೇರೆ. ಹಳೇ ಬಾಟಲಿ ಮಾರುತ್ತಿದ್ದದ್ದು ಶೇವಿಂಗ್ ಆದ ಮೇಲಿನ ಖುಷಿಯನ್ನು. ಈಗಿನ ಸ್ಪ್ರೇಗಳು, ಇದೊಂದೇ ಬ್ರ್ಯಾಂಡ್ ಅಲ್ಲ, ಮಾರುವುದು ನಾಚಿಕೆಯನ್ನು. ಗದ್ದೆಯಿಂದ, ಗಾರೆ ಕೆಲಸದಿಂದ ಬಂದ ಹುಡುಗ ಬಸ್ಸಿನಲ್ಲಿ ಮುದುಡಿ ನಿಲ್ಲುತ್ತಾನೆ. ದಿನಗೂಲಿಯಲ್ಲಿ ಒಂದು ಪಾಲು ಡಬ್ಬಿಗೆ ಹೋಗುತ್ತದೆ.

ಅಸಲಿಗೆ ಹೊಸ ಬೆವರಿಗೆ ಹೆಚ್ಚು ವಾಸನೆಯೇ ಇಲ್ಲ. ಕಂಕುಳಿನ ಬ್ಯಾಕ್ಟೀರಿಯಾ ಅದನ್ನು ಒಡೆದಾಗ ನಾತ ಬರುತ್ತದೆ. ಸೋಪು ನೀರಿನ ಸ್ನಾನ, ಒಗೆದ ಬನಿಯನ್ನು ಅರ್ಧಕ್ಕರ್ಧ ಕೆಲಸ ಮಾಡುತ್ತವೆ. ಡಿಯೋಡರೆಂಟ್ ನಾತವನ್ನು ತಡೆಯುತ್ತದೆ ಅಥವಾ ಮುಚ್ಚುತ್ತದೆ, ಬೆವರನ್ನು ನಿಲ್ಲಿಸುವುದಿಲ್ಲ. ಬೆವರು ಕಮ್ಮಿ ಮಾಡುವುದು ಆ್ಯಂಟಿಪರ್ಸ್ಪಿರಂಟ್, ಅದರಲ್ಲಿ ಅಲ್ಯೂಮಿನಿಯಂ ಲವಣ ಇರುತ್ತದೆ. ಎರಡೂ ಒಂದೇ ಅಂದುಕೊಂಡು ದುಡ್ಡು ಕೊಡುವವರೇ ಜಾಸ್ತಿ.

ಪರಿಮಳ ಇಷ್ಟ ಅಂದರೆ ಧಾರಾಳವಾಗಿ ಹಾಕಿಕೊಳ್ಳಿ, ನಾವೂ ಹಾಕುತ್ತೇವೆ. ಅಂಗಡಿಯಲ್ಲಿ ಮಾತ್ರ ಮುಂದಿನ ಚಿತ್ರ ಬಿಟ್ಟು ಡಬ್ಬಿಯ ಹಿಂಬದಿ ಓದಿ. ಅಕ್ಷರ ಸಣ್ಣದಿದ್ದರೆ ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ.