ನೋವಿನ ಗುಳಿಗೆಯೂ ಕೊಳವೆ ಬಾವಿಯ ನೀರೂ

ಔಷಧಶಾಸ್ತ್ರದ ಡಿಪ್ಲೊಮಾ ವಿದ್ಯಾರ್ಥಿಗೆ ಮೊದಲ ವರ್ಷದಲ್ಲಿಯೇ ಶರೀರಕ್ರಿಯಾಶಾಸ್ತ್ರದ ಪಾಠ ಎದುರಾಗುತ್ತದೆ. ಮೂಳೆಗಳು 206 ಎಂದು ಬಾಯಿಪಾಠ ಮಾಡಿ, ಪರೀಕ್ಷೆಯ ಮರುದಿನ ಮರೆಯುವವರೇ ಹೆಚ್ಚು. ಪಾಠವು ಒಬ್ಬ ರೋಗಿಯ ವೃತ್ತಾಂತದಿಂದ ಆರಂಭವಾದರೆ ಹಾಗೆ ಮರೆಯುವುದು ಕಷ್ಟ. ತುಮಕೂರು ಜಿಲ್ಲೆಯ ಪಾವಗಡ, ಶಿರಾ, ಮಧುಗಿರಿ, ಕೊರಟಗೆರೆ ತಾಲ್ಲೂಕುಗಳಲ್ಲಂತೂ ಅಂಥ ವೃತ್ತಾಂತಕ್ಕೆ ಹುಡುಕಬೇಕಾಗಿಲ್ಲ. ಇಲ್ಲಿ ಮಳೆ ಕಡಿಮೆ, ಬಾವಿ ಆಳ. ಬಂಡೆಗಳ ಸಂದಿನಲ್ಲಿ ಬಹುಕಾಲ ನಿಂತ ನೀರು ಕಲ್ಲಿನೊಳಗಿನ ಫ್ಲೋರೈಡನ್ನು ಕರಗಿಸಿಕೊಂಡು ಮೇಲೆ ಬರುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಮನ್ನು ಮೀರಬಾರದು. ಬೇರೆ ನೀರೇ ಇಲ್ಲದಾಗ 1.5ರವರೆಗೆ ಸಹಿಸಬಹುದೆಂದು ನಿಯಮ.

ಮಧುಗಿರಿಯ ಔಷಧದಂಗಡಿಗೆ ಐವತ್ತರ ಪ್ರಾಯದ ರೈತನೊಬ್ಬ ಬಂದನೆಂದು ಭಾವಿಸಬಹುದು. "ಸೊಂಟ ಹಿಡ್ಕೊಂಡೈತೆ ಸ್ವಾಮಿ, ಹೋದ ಸಲದ ಗುಳಿಗೇನೇ ಕೊಡಿ" ಎನ್ನುತ್ತಾನೆ. ವಿದ್ಯಾರ್ಥಿಯ ಮುಂದಿರುವ ಪ್ರಶ್ನೆ: ಸೊಂಟ ಹಿಡಿದುಕೊಂಡದ್ದೇಕೆ?

ಮೂಳೆ ನೋಡಲು ಕಲ್ಲಿನಂತಿದ್ದರೂ ಜೀವಂತ ವಸ್ತು. ಒಂದು ಬಗೆಯ ಜೀವಕೋಶಗಳು ಅದನ್ನು ಕರಗಿಸುತ್ತಿರುತ್ತವೆ, ಇನ್ನೊಂದು ಬಗೆಯವು ಕಟ್ಟುತ್ತಿರುತ್ತವೆ. ಕಟ್ಟುವಾಗ ರಕ್ತದಲ್ಲಿರುವ ಫ್ಲೋರೈಡ್ ಸುಣ್ಣದ ಹರಳುಗಳೊಳಗೆ ಸೇರಿಕೊಳ್ಳುತ್ತದೆ. ಕಟ್ಟುವ ಕೋಶಗಳನ್ನು ಅತಿಯಾಗಿ ಕೆರಳಿಸುತ್ತದೆ. ವರ್ಷಗಳು ಕಳೆದಂತೆ ಮೂಳೆ ದಟ್ಟವಾಗುತ್ತದೆ, ಆದರೆ ಬಲಗೊಳ್ಳುವುದಿಲ್ಲ. ಕೀಲುಗಳ ಸುತ್ತಣ ಕಟ್ಟುಗಳಲ್ಲಿಯೂ ಸುಣ್ಣ ಕೂಡಿ ಬೆನ್ನು ಬಾಗದಂತಾಗುತ್ತದೆ. 1937ರಲ್ಲಿ ಆಗಿನ ಮದ್ರಾಸ್ ಪ್ರಾಂತದ ನೆಲ್ಲೂರು ಜಿಲ್ಲೆಯಿಂದ ವರದಿಯಾದದ್ದು ಇದೇ ರೋಗ.

ಇನ್ನು ಆ ಗುಳಿಗೆಯ ಮಾತು. ದೇಹಕ್ಕೆ ಸೇರಿದ ಫ್ಲೋರೈಡ್ ಹೊರಹೋಗುವ ಮುಖ್ಯ ದಾರಿ ಮೂತ್ರಪಿಂಡ. ನೋವು ಶಮನದ ಹಲವು ಗುಳಿಗೆಗಳು ಮೂತ್ರಪಿಂಡದ ರಕ್ತಸಂಚಾರವನ್ನು ಕಾಪಾಡುವ ರಾಸಾಯನಿಕಗಳನ್ನೇ ತಡೆಯುತ್ತವೆ. ವೈದ್ಯರ ಸಲಹೆಯಿಲ್ಲದೆ ತಿಂಗಳುಗಟ್ಟಲೆ ನುಂಗಿದರೆ ಮೂತ್ರಪಿಂಡವು ಕುಗ್ಗಬಹುದು. ಅದು ಕುಗ್ಗಿದರೆ ಫ್ಲೋರೈಡ್ ಮತ್ತಷ್ಟು ಒಳಗೇ ಉಳಿಯುತ್ತದೆ. ನೋವಿಗೆಂದು ಕೊಂಡ ಮದ್ದೇ ನೋವಿನ ಮೂಲವನ್ನು ಪೋಷಿಸುವ ಈ ವಿಪರ್ಯಾಸವು ಪಠ್ಯಪುಸ್ತಕದ ಬೇರೆ ಬೇರೆ ಅಧ್ಯಾಯಗಳಲ್ಲಿ ಹಂಚಿಹೋಗಿರುತ್ತದೆ. ರೈತನೊಬ್ಬನಲ್ಲಿ ಅವೆಲ್ಲ ಒಟ್ಟಿಗೆ ಕಾಣುತ್ತವೆ.

ಆದುದರಿಂದ ವಿದ್ಯಾರ್ಥಿಯು ಮೊದಲು ಕೇಳಬೇಕಾದದ್ದು ಯಾವ ಬಾವಿಯ ನೀರು, ಎಷ್ಟು ವರ್ಷದಿಂದ ಎಂದು. ಮೊಣಕಾಲು ಮಡಿಸದೆ ಬಾಗಿ ಕಾಲ್ಬೆರಳು ಮುಟ್ಟುವುದು, ಗದ್ದವನ್ನು ಎದೆಗೆ ತಾಗಿಸುವುದು, ಕೈಗಳನ್ನು ತಲೆಯ ಹಿಂದಕ್ಕೆ ಒಯ್ಯುವುದು—ಈ ಮೂರು ಸುಲಭ ಪರೀಕ್ಷೆಗಳಿಗೆ ಯಾವ ಯಂತ್ರವೂ ಬೇಡ. ಆಗದಿದ್ದರೆ ಗುಳಿಗೆಯ ಬದಲು ವೈದ್ಯರ ವಿಳಾಸ ಕೊಡುವುದು ಲೇಸು. ವ್ಯಾಪಾರ ಒಂದಿಷ್ಟು ಕಡಿಮೆಯಾದೀತು, ಅಷ್ಟೆ.

ನೀರನ್ನು ಕಾಯಿಸಿ ಕುಡಿದರೆ ಸಾಕೆಂಬ ನಂಬಿಕೆ ಇಲ್ಲಿ ಕೆಲಸಕ್ಕೆ ಬಾರದು. ಕಾಯಿಸಿದಾಗ ನೀರು ಆವಿಯಾಗಿ ಫ್ಲೋರೈಡಿನ ಸಾಂದ್ರತೆ ಹೆಚ್ಚುತ್ತದೆ. ಮೂಳೆ ಸೇರಿದ್ದನ್ನು ಕಿತ್ತು ತೆಗೆಯುವ ಔಷಧವಿಲ್ಲ. ನೀರು ಬದಲಾದರೆ ಅದು ಬಹು ನಿಧಾನವಾಗಿ ಕಡಿಮೆಯಾಗುತ್ತದೆ. ರೈತನ ಮನೆಯಲ್ಲಿ ಎಂಟು ವರ್ಷದೊಳಗಿನ ಮಕ್ಕಳಿದ್ದರೆ ಅವಸರ ಇನ್ನೂ ಹೆಚ್ಚು. ಶಾಶ್ವತ ಹಲ್ಲುಗಳ ದಂತಕವಚವು ವಸಡಿನೊಳಗೆ ರೂಪುಗೊಳ್ಳುವುದು ಆ ವಯಸ್ಸಿನಲ್ಲಿಯೇ. ಆಗ ಬಿದ್ದ ಕಂದು ಕಲೆ ಎಷ್ಟು ಉಜ್ಜಿದರೂ ಹೋಗದು.