ಕಾರ್ಬ್ಯುರೇಟರ್ ಬರೆದು ಪಾಸಾದೆ, ಮ್ಯಾನಿಫೋಲ್ಡ್ ಬಿಚ್ಚಿ ಕಲಿತೆ

ಕಳೆದ ವರ್ಷ ಒಂದು ಇಂಟರ್‌ವ್ಯೂನಲ್ಲಿ ‘ಎಂಜಿನ್ ಬಿಚ್ಚಿದ್ದೀರಾ?’ ಎಂದು ಕೇಳಿದರು. ‘ಲ್ಯಾಬ್‌ನಲ್ಲಿ ನೋಡಿದ್ದೇನೆ ಸರ್’ ಎಂದೆ. ಎದುರಿಗೆ ಕೂತವರು ನಕ್ಕು, ಮುಂದಿನ ಹುಡುಗನನ್ನು ಕರೆದರು. ನಾನು ಹೇಳಿದ್ದು ಸುಳ್ಳೇನಲ್ಲ. ನಮ್ಮ ಕಾಲೇಜಿನ ಲ್ಯಾಬ್‌ನಲ್ಲಿ ಅರ್ಧಕ್ಕೆ ಕೊಯ್ದು, ಕೆಂಪು ನೀಲಿ ಬಣ್ಣ ಬಳಿದ ಎಂಜಿನ್ ಒಂದಿತ್ತು. ಅದನ್ನು ನೋಡಿ ರೆಕಾರ್ಡ್ ಬರೆದೆವು. ಪರೀಕ್ಷೆಯಲ್ಲಿ ಕಾರ್ಬ್ಯುರೇಟರ್ ಚಿತ್ರ ಬರೆದು ಹತ್ತು ಅಂಕ ತೆಗೆದುಕೊಂಡೆ. ಅಷ್ಟು ಹೊತ್ತಿಗಾಗಲೇ ಹೊಸ ಪೆಟ್ರೋಲ್ ಕಾರುಗಳಲ್ಲಿ ಕಾರ್ಬ್ಯುರೇಟರ್ ಇಲ್ಲವಾಗಿ ವರ್ಷಗಳೇ ಆಗಿದ್ದವು. 2020ರಲ್ಲಿ ಬಿಎಸ್-6 ಬಂದ ಮೇಲಂತೂ ಬೈಕು, ಸ್ಕೂಟರ್‌ಗಳೂ ಫ್ಯೂಯಲ್ ಇಂಜೆಕ್ಷನ್‌ಗೆ ಬಂದವು.

ನಮ್ಮಪ್ಪ ತಿಪಟೂರು ಸುತ್ತಮುತ್ತಲ ಸಂತೆಗಳಲ್ಲಿ ಬಟ್ಟೆ ಮಾರುತ್ತಾರೆ. ಮೂರು ಸಿಲಿಂಡರಿನ ಹಳೆಯ ಸಣ್ಣ ಕಾರಿನ ಹಿಂದಿನ ಸೀಟು ಮಡಚಿದರೆ ಅದೇ ಅವರ ಅಂಗಡಿ. ಆ ಕಾರಿಗೆ ಒಂದು ಕಾಯಿಲೆ ಶುರುವಾಯಿತು. ರಸ್ತೆಯಲ್ಲಿ ಓಡುವಾಗ ಸರಿಯಾಗಿರುತ್ತಿತ್ತು, ರೈಲ್ವೆ ಗೇಟಿನಲ್ಲಿ ನಿಲ್ಲಿಸಿದರೆ ನಡುಗಿ ಆಫ್ ಆಗುತ್ತಿತ್ತು. ಗ್ಯಾರೇಜಿನಲ್ಲಿ ‘ಸೆನ್ಸರ್ ಗಾಡಿ ಸಾರ್, ಹದಿನಾಲ್ಕು ಸಾವಿರ ಆಗಬಹುದು’ ಎಂದರು. ಅಪ್ಪ ಒಂದು ವಾರ ಯೋಚಿಸಿ, ‘ಮಾರಿಬಿಡೋಣ ಕಣೋ, ಬಸ್ಸಲ್ಲೇ ಗಂಟು ಹೊರ್ತೀನಿ’ ಎಂದರು. ಅವರ ವಯಸ್ಸು ಐವತ್ತೆಂಟು. ಮೆಕ್ಯಾನಿಕಲ್ ಬಿ.ಇ. ಮಾಡಿದ ಮಗ ಪಕ್ಕದಲ್ಲೇ ಕೂತು ಮೊಬೈಲ್ ನೋಡುತ್ತಿದ್ದ.

ಅವತ್ತು ರಾತ್ರಿ ಮೊದಲ ಬಾರಿಗೆ, ಓದಿದ್ದನ್ನು ಆ ನಡುಕಕ್ಕೆ ಹೊಂದಿಸಿ ನೋಡಿದೆ. ಇನ್‌ಟೇಕ್ ಮ್ಯಾನಿಫೋಲ್ಡ್ ಎಂದರೆ ಥ್ರಾಟಲ್ ದಾಟಿ ಬಂದ ಗಾಳಿಯನ್ನು ಸಿಲಿಂಡರುಗಳಿಗೆ ಹಂಚುವ ಕೊಳವೆ. ಎಂಜಿನ್ ಐಡ್ಲಿಂಗ್‌ನಲ್ಲಿ ಇರುವಾಗ ಥ್ರಾಟಲ್ ಮುಚ್ಚಿರುತ್ತದೆ, ಒಳಗೆ ನಿರ್ವಾತ ಜೋರಾಗಿರುತ್ತದೆ, ಒಳಹೋಗುವ ಗಾಳಿಯೂ ಕಡಿಮೆ. ಆಗ ಎಲ್ಲೋ ಒಂದು ಬಿರುಕಿನಿಂದ ಕಳ್ಳಗಾಳಿ ನುಗ್ಗಿದರೆ ಆ ಸಿಲಿಂಡರಿನ ಮಿಶ್ರಣ ಕೆಡುತ್ತದೆ. ಪೆಟ್ರೋಲಿನ ಒಂದು ಪಾಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಇರಬೇಕಾದ ಕಡೆ ಗಾಳಿ ಹೆಚ್ಚಾಗಿ ಸಿಲಿಂಡರ್ ಮಿಸ್ ಹೊಡೆಯುತ್ತದೆ. ಆಕ್ಸಿಲರೇಟರ್ ಒತ್ತಿದರೆ ಗಾಳಿಯ ಪ್ರವಾಹವೇ ದೊಡ್ಡದು, ಸೋರಿಕೆ ಲೆಕ್ಕಕ್ಕೆ ಬರುವುದಿಲ್ಲ. ಗೇಟಿನಲ್ಲಿ ಮಾತ್ರ ನಡುಗುವುದು ಏಕೆಂದು ಅರ್ಥವಾಯಿತು.

ಬೆಳಿಗ್ಗೆ ಇಸ್ತ್ರಿ ಬಟ್ಟೆಗೆ ನೀರು ಚಿಮುಕಿಸುವ ಬಾಟಲಿ ತಂದು, ಎಂಜಿನ್ ಓಡುತ್ತಿರುವಾಗ ಮ್ಯಾನಿಫೋಲ್ಡ್ ಕೂಡುವ ಜಾಗಕ್ಕೆ ಸ್ವಲ್ಪ ಸ್ವಲ್ಪವೇ ನೀರು ಹೊಡೆದೆ. ಮೂರನೇ ಸಿಲಿಂಡರಿನ ಹತ್ತಿರ ‘ಸುಯ್’ ಎನ್ನುತ್ತಿದ್ದ ಸದ್ದು ಬದಲಾಯಿತು. ಒರೆಸಿ ನೋಡಿದರೆ, ಯಾರೋ ಹಿಂದೆ ಬೋಲ್ಟನ್ನು ಮಿತಿಮೀರಿ ಬಿಗಿದು ಅಂಚು ಸೀಳಿಸಿ, ಮೇಲೆ ಎಪಾಕ್ಸಿ ಮೆತ್ತಿದ್ದರು. ಸೆನ್ಸರ್‌ಗಳೆಲ್ಲ ನೆಟ್ಟಗಿದ್ದವು.

ಬೆಂಗಳೂರಿಗೆ ರೈಲು ಹತ್ತಿದೆ. ಜೆ.ಸಿ. ರಸ್ತೆಯಲ್ಲಿ ಹೊಸ ಗ್ಯಾಸ್ಕೆಟ್, ಇಂಜೆಕ್ಟರಿನ ಓ-ರಿಂಗ್‌ಗಳು ಸಿಕ್ಕವು. ಮ್ಯಾನಿಫೋಲ್ಡ್ ಶಿವಾಜಿನಗರದ ಗುಜರಿಯಲ್ಲಿ ಸಿಕ್ಕಿತು. ಒಟ್ಟು ಎರಡೂವರೆ ಸಾವಿರ ಚಿಲ್ಲರೆ.

ಕೆಲಸ ಶುರು ಮಾಡುವ ದಿನ ಅಮ್ಮನಿಗೆ ಹೇಳಿದ ಮೊದಲ ಮಾತು, ‘ಇವತ್ತು ಹಂಡೆ ಒಲೆ ಹಚ್ಚಬೇಡ.’ ಇಂಜೆಕ್ಷನ್ ಗಾಡಿಯ ಪೆಟ್ರೋಲ್ ಪೈಪಿನಲ್ಲಿ ಸುಮಾರು 3 ಬಾರ್ ಒತ್ತಡ ಇರುತ್ತದೆ. ಹಾಗೇ ಬಿಚ್ಚಿದರೆ ಮುಖಕ್ಕೆ ಚಿಮ್ಮುತ್ತದೆ. ಪಂಪಿನ ಫ್ಯೂಸ್ ಕಿತ್ತು, ಎಂಜಿನ್ ತಾನಾಗಿ ಸಾಯುವವರೆಗೆ ಓಡಿಸಿ, ಆಮೇಲೆ ಬ್ಯಾಟರಿಯ ಮೈನಸ್ ತೆಗೆದೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಕೂಲಂಟ್ ಇಳಿಸಿದೆ. ಪ್ರತಿ ಪೈಪಿಗೂ ಬಿಳಿ ಟೇಪ್ ಸುತ್ತಿ ನಂಬರ್ ಬರೆದು ಫೋಟೊ ತೆಗೆದೆ. ಮ್ಯಾನಿಫೋಲ್ಡ್ ಕಳಚಿದ ತಕ್ಷಣ ಪೋರ್ಟುಗಳ ಬಾಯಿಗೆ ಶುದ್ಧ ಬಟ್ಟೆ ತುರುಕಿದೆ. ಒಂದು ನಟ್ ಒಳಗೆ ಬಿದ್ದರೆ ಎಂಜಿನ್ನನ್ನೇ ಇಳಿಸಬೇಕಾಗುತ್ತಿತ್ತು. ಹಳೆಯ ಗ್ಯಾಸ್ಕೆಟ್ ಕೆರೆಯಲು ಬ್ಲೇಡ್ ಹಿಡಿದಿದ್ದೆ. ಪಕ್ಕದ ಬೀದಿಯ ಮೆಕ್ಯಾನಿಕ್ ಅಣ್ಣ ನೋಡಿ ಕೈಯಿಂದ ಕಿತ್ತುಕೊಂಡು, ‘ಅಲ್ಯೂಮಿನಿಯಂ ಅದು, ಗೀರು ಬಿದ್ರೆ ಮತ್ತೆ ಗಾಳಿ ಎಳೆಯುತ್ತೆ’ ಎಂದು ಮರದ ಚಕ್ಕೆ ಕೊಟ್ಟರು. ಗುಜರಿ ಮ್ಯಾನಿಫೋಲ್ಡ್ ಸೊಟ್ಟಗಿಲ್ಲವೇ ಎಂದು ಸ್ಟೀಲ್ ಪಟ್ಟಿ ಇಟ್ಟು ಪರೀಕ್ಷಿಸಿದವರೂ ಅವರೇ. ಟಾರ್ಕ್ ರೆಂಚ್ ಕೂಡ ಅವರದ್ದೇ. ಮಧ್ಯದಿಂದ ಹೊರಕ್ಕೆ, ಮೂರು ಸುತ್ತಿನಲ್ಲಿ ಬಿಗಿಯಬೇಕು ಎಂದು ತೋರಿಸಿಕೊಟ್ಟರು. ಅವರು ಓದಿದ್ದು ಏಳನೇ ಕ್ಲಾಸು.

ಎಲ್ಲ ಜೋಡಿಸಿ, ಸ್ಟಾರ್ಟ್ ಮಾಡದೆ ಬರೀ ಕೀ ಆನ್ ಮಾಡಿದೆ. ಪಂಪ್ ಎರಡು ಸೆಕೆಂಡ್ ಗುಂಯ್ ಎಂದಿತು. ಪೆಟ್ರೋಲ್ ವಾಸನೆ! ಎರಡನೇ ಇಂಜೆಕ್ಟರಿನ ಬುಡ ಒದ್ದೆಯಾಗಿತ್ತು. ಓ-ರಿಂಗಿಗೆ ಒಂದು ಹನಿ ಆಯಿಲ್ ಸವರದೆ ಒತ್ತಿದ್ದೆ, ಅದು ಕತ್ತರಿಸಿತ್ತು. ಆತುರದಲ್ಲಿ ನೇರ ಸ್ಟಾರ್ಟ್ ಹೊಡೆದಿದ್ದರೆ ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸುರಿಯುತ್ತಿತ್ತು. ಮುಂದಿನದನ್ನು ಯೋಚಿಸಿದರೆ ಈಗಲೂ ಕೈ ನಡುಗುತ್ತದೆ. ಮತ್ತೆ ಬಿಚ್ಚಿದೆ. ಅರ್ಧ ದಿನ ಹೋಯಿತು.

ಇದನ್ನು ಬರೆಯುತ್ತಿರುವುದು ಎಲ್ಲರೂ ಮನೆಯಲ್ಲೇ ಎಂಜಿನ್ ಬಿಚ್ಚಿ ಎಂದು ಹೇಳಲಿಕ್ಕಲ್ಲ. ಬ್ರೇಕ್, ಏರ್‌ಬ್ಯಾಗ್ ನಾನೂ ಮುಟ್ಟುವುದಿಲ್ಲ. ನನ್ನ ತಕರಾರು ಬೇರೆ. ನಾಲ್ಕು ವರ್ಷ, ಲಕ್ಷಗಟ್ಟಲೆ ಫೀಸು ತೆಗೆದುಕೊಂಡ ಕಾಲೇಜು ಕತ್ತರಿಸಿದ ಎಂಜಿನ್ನಿನ ಬದಲು ಓಡುವ ಒಂದು ಹಳೆಯ ಕಾರನ್ನು ಏಕೆ ಇಡಬಾರದು? ಗುಜರಿ ಬೆಲೆಗೆ ಸಿಗುತ್ತದೆ. ಐದೈದು ಜನರ ಗುಂಪಿಗೆ ಒಂದೊಂದು ದೋಷ ಕೊಟ್ಟು ಹುಡುಕಿ ಎನ್ನಬಹುದು. ಇನ್ನೊಂದು, ಸರಿಯಾದ ಮ್ಯಾನ್ಯುಯಲ್ ಸಿಗುವುದೇ ಕಷ್ಟ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು ‘ರೈಟ್ ಟು ರಿಪೇರ್’ ಪೋರ್ಟಲ್ ತೆರೆಯಿತು, ವಾಹನಗಳೂ ಅದರ ವ್ಯಾಪ್ತಿಯಲ್ಲಿವೆ. ಆದರೆ ಪ್ರತಿ ಬೋಲ್ಟಿಗೆ ಎಷ್ಟು ಟಾರ್ಕ್ ಎಂಬುದು ನಮ್ಮೂರಿನ ಮೆಕ್ಯಾನಿಕ್ ಅಣ್ಣನ ಕೈಗೆ ಕನ್ನಡದಲ್ಲಿ ಬರಬೇಕು. ಅದು ಸಿಗದ ಕಾರಣಕ್ಕೇ ಅಲ್ಲವೇ ಯಾರೋ ಅಂದಾಜಿನಲ್ಲಿ ಬಿಗಿದು ನಮ್ಮ ಮ್ಯಾನಿಫೋಲ್ಡ್ ಸೀಳಿಸಿದ್ದು? ಐಟಿಐಯಲ್ಲಿ ಎರಡು ವರ್ಷದ ಮೋಟಾರ್ ವೆಹಿಕಲ್ ಮೆಕ್ಯಾನಿಕ್ ಕೋರ್ಸ್ ಮಾಡುವವರನ್ನು ಕಂಡು ನಾವು ಬಿ.ಇ. ಹುಡುಗರು ಮೂಗು ಮುರಿಯುತ್ತಿದ್ದೆವು. ಈಗ ನಾಚಿಕೆಯಾಗುತ್ತದೆ.

ಶನಿವಾರ ಅಪ್ಪ ಗಂಟು ತುಂಬಿಕೊಂಡು ಸಂತೆಗೆ ಹೋದರು. ರಾತ್ರಿ ಬಂದವರು ಕೈಕಾಲು ತೊಳೆದು ಊಟಕ್ಕೆ ಕೂತರು. ಕಾರಿನ ಸುದ್ದಿ ಎತ್ತಲಿಲ್ಲ. ನಾನೇ ಕೇಳಿದೆ.

‘ಗೇಟ್ ಹಾಕಿತ್ತು. ಹತ್ತು ನಿಮಿಷ ಬೇಕಂತಲೇ ಆಫ್ ಮಾಡದೆ ಕೂತಿದ್ದೆ’ ಎಂದರು.