ಎಲ್ಲಾದಕ್ಕೂ 'ಜಾನಪದ ಗೀತೆ' ಅನ್ನಬ್ಯಾಡ್ರಿ

ಜ್ವಾಳದ ಹಿಟ್ಟು ಒಂದ. ಅದನ್ನ ಬಡಿದ್ರ ರೊಟ್ಟಿ, ತಿರುವಿದ್ರ ಮುದ್ದಿ, ಕದಡಿ ಕುದಿಸಿದ್ರ ಅಂಬಲಿ. ಮೂರನ್ನೂ ಒಂದ ತಾಟಿಗೆ ಹಾಕಿ 'ಇದು ಹಿಟ್ಟಿನ ಪದಾರ್ಥ' ಅಂತ ಬಡಿಸಿದ್ರ ನಮ್ಮ ಕೂಡ್ಲಿಗಿ, ಕೊಟ್ಟೂರು ಕಡೆ ಉಣ್ಣಾಕ ಕುಂತೋರು ಎದ್ದು ಹೋಗ್ತಾರ. ಹಾಡಿನ ವಿಷಯದಾಗ ಮಾತ್ರ ಹಂಗ ಬಡಿಸ್ತಾರ, ನಾವೂ ಸುಮ್ನ ಉಣ್ತೀವಿ. ಬೀಸೋ ಪದ, ಸೋಬಾನ, ಲಾಲಿ, ಬೀಗರ ಪದ, ತತ್ವಪದ, ಎಲ್ಲಾದಕ್ಕೂ ಒಂದ ಹೆಸರು: ಜಾನಪದ ಗೀತೆ. ಎಲ್ಲಾದಕ್ಕೂ ಒಂದ ಕೀಬೋರ್ಡು, ಒಂದ ತಾಳ. ಇದು ನನಗ ಒಪ್ಪಿಗಿಲ್ಲ.

'ಹೆಂಗಸ್ರು ಬಾಯಿಗೆ ಬಂದಂಗ ಹಾಡ್ತಾರ, ಅದಕ್ಕೇನು ಲೆಕ್ಕ ಐತಿ' ಅಂತ ಓದಿದೋರು ಅಂತಾರ. ಲೆಕ್ಕ ಐತ್ರಿ. ನಾನು ಓದಿದ್ದು ಪಿಯುಸಿ ತನಕ, ಅಷ್ಟರಾಗ ತ್ರಿಪದಿ ಪಾಠ ಬಂದು ಹೋಗಿತ್ತು. ಮೂರು ಸಾಲು, ಹನ್ನೊಂದು ಗಣ. ಆರನೇದು, ಹತ್ತನೇದು ಬ್ರಹ್ಮಗಣ, ಉಳಿದಾವೆಲ್ಲ ವಿಷ್ಣುಗಣ. ಈ ಹೆಸರು ನಮ್ಮಜ್ಜಿಗೆ ಗೊತ್ತಿರಲಿಲ್ಲ. ಆದ್ರ ಬೀಸೋ ಕಲ್ಲಿನ ಗೂಟ ಹಿಡಿದು ಕುಂತ್ಲಂದ್ರ ಅದ ಅಳತಿ ಬಾಯಾಗ ಬರ್ತಿತ್ತು. ಹಾಡೋ ಮುಂದ ಎರಡನೇ ಸಾಲನ್ನ ತಿರುಗಿ ಹಿಡೀತಾರ. ಎದುರಿಗೆ ಕುಂತಾಕಿಗೆ ದನಿಗೂಡಿಸಾಕ, ಇಬ್ರಿಗೂ ಉಸಿರು ತಗೊಳ್ಳಾಕ ಅಲ್ಲಿ ಜಾಗ. ಮೂರನೇ ಸಾಲು ಗಿಡ್ಡದು, ಮಾತು ಅಲ್ಲಿ ಗಟ್ಟಿಯಾಗಿ ಕುಂದರ್ತದ. ಕೀಬೋರ್ಡಿನೋರು ಆ ತಿರುಗಿ ಹಿಡಿಯೋದನ್ನ ಕತ್ತರಿಸಿ ನಡುವ ಬರೇ ಬಾಜಾ ತುಂಬ್ತಾರ. ಆಮ್ಯಾಲೆ ಉಳಿಯೋದು ಏನು?

ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಾಗ ಇದ ತ್ರಿಪದಿ ಐತಿ, ಸುಮಾರು 700ನೇ ಇಸವಿದು. ಅಂದ್ರ ಸಾವಿರದ ಮುನ್ನೂರು ವರ್ಷದಿಂದ ಈ ಅಳತಿ ಬದುಕೈತಿ. ಅದಕ್ಕ 'ಬಾಯಿಗೆ ಬಂದಂಗ' ಅಂತಾರೇನು?

ಇನ್ನ ವಚನದ ಸುದ್ದಿ. ಒಂದು ನೀತಿಮಾತನ್ನ ನಾಕು ತುಂಡು ಮಾಡಿ ಸಾಲು ಸಾಲು ಇಟ್ರ ವಚನ ಆತು ಅಂತ ತಿಳಿದೋರು ಭಾಳ ಅದಾರ. ಮುಂಜಾನೆದ್ದು ಮೊಬೈಲ್ ತೆಗೆದ್ರ ಇಂಥಾವ ಹತ್ತು. ಹನ್ನೆರಡನೇ ಶತಮಾನದ ಶರಣರ ವಚನಕ್ಕ ಗಣದ ಲೆಕ್ಕ ಇಲ್ಲ, ಖರೆ. ಆದ್ರ ಅದು ಎದುರಾ ಎದುರು ನಿಂತು ಆಡಿದ ಮಾತು, ಕಡೀಕ ಅಂಕಿತ ಬರ್ತದ. ಸರ್ವಜ್ಞನ ವಚನ ಅಂತ ಕರೆಯೋವು ನೋಡಿದ್ರ ಎಲ್ಲಾ ತ್ರಿಪದಿ. ಹೆಸರು ಒಂದ, ಕಟ್ಟು ಬ್ಯಾರೆ. ಅಕ್ಕಮಹಾದೇವಿ ವಚನಾನೂ ಹೇಳಿದ್ಲು, 'ಯೋಗಾಂಗ ತ್ರಿವಿಧಿ'ಯನ್ನ ತ್ರಿಪದಿಯಾಗೂ ಬರೆದ್ಲು. ಯಾವ ಮಾತಿಗೆ ಯಾವ ಪಾತ್ರಿ ಅಂತ ಆಕಿಗೆ ಗೊತ್ತಿತ್ತು.

ಪಂಡಿತರ ಕಾವ್ಯದಾಗೂ ಇದ ನ್ಯಾಯ. ನಮ್ಮ ಹಂಪಿಯ ಹರಿಹರ ರಗಳೆ ಹಿಡಿದ. ಅದಕ್ಕ ಇಷ್ಟ ಸಾಲು ಅಂತ ಕಟ್ಟಿಲ್ಲ, ಕಾಲುವಿ ನೀರು ಹರಿದಂಗ ಓಡ್ತದ. ಅವನ ಸೋದರಳಿಯ ರಾಘವಾಂಕ ಷಟ್ಪದಿ ಹಿಡಿದ. ಆರು ಸಾಲಿಗೊಮ್ಮೆ ನಿಲ್ತದ, ಮೂರನೇದು ಆರನೇದು ಉದ್ದ. ಒಂದ ಊರು, ಒಂದ ಮನಿತನ, ಎರಡು ದಾರಿ. ಅವ್ರಿಬ್ರದ್ದೂ ಒಂದ ಅಂತ ಯಾವ ಮಾಸ್ತರ್ ಆದ್ರೂ ಪಾಠ ಹೇಳ್ತಾರೇನು? ಹೆಂಗಸ್ರ ಹಾಡಿಗೆ ಮಾತ್ರ ಯಾಕ ಆ ಮರ್ಯಾದಿ ಇಲ್ಲ?

ಸೋಬಾನಿಗೆ ಒಬ್ಬಾಕಿ ಸಾಲದು. ಮುಂದ ಹೇಳಾಕಿ ಬೇಕು, ಹಿಂದ ಸೊಲ್ಲು ಹಿಡಿಯೋರು ಬೇಕು. ಮೈಕ್ ಹಿಡಿದು ಒಬ್ಬಾಕಿನೇ ಹಾಡಿದ್ರ ಅದು ಸೋಬಾನ ಆಗಲ್ಲ. ಬೀಗರ ಪದಕ್ಕ ಎದುರಿನ ಬೀಗತಿ ಇರಬೇಕು, ಆಕಿ ತಿರುಗಿ ಅನಬೇಕು. ಒಡಪು ಹೇಳೋ ಮುಂದ ಪ್ರಾಸ ಕೂಡಿಸಿ ಗಂಡನ ಹೆಸರನ್ನ ಜಾಣತನದಾಗ ಕೂರಿಸಬೇಕು, ಎಲ್ಲಾರೂ ಬಾಗಿಲಿಗೆ ಅಡ್ಡ ನಿಂತು ಕಾಯ್ತಿರ್ತಾರ. ಹರಪನಹಳ್ಳಿ ಭೀಮವ್ವ ಹತ್ತೊಂಬತ್ತನೇ ಶತಮಾನದಾಗ ಭೀಮೇಶಕೃಷ್ಣ ಅಂಕಿತದಿಂದ ಪದ ಕಟ್ಟಿದ ತಾಯಿ. ಆಕಿ ಹಾಡಿಗೆ ಕಟ್ಟಿದಾಕಿ ಯಾರು ಅನ್ನೋದು ಅಂಕಿತದಾಗ ಐತಿ. ಅದನ್ನೂ 'ಜಾನಪದ' ಅಂದ್ರ ಬರೆದಾಕಿ ಹೆಸರ ಅಳಿಸಿದಂಗ.

ಒಂದ ಸಾಲಿನ ಕಾವ್ಯ ಬೇಕೇನು? ಹಡಗಲಿ ತಾಲೂಕಿನ ಮೈಲಾರಕ್ಕ ಭರತ ಹುಣ್ಣಿಮಿ ಜಾತ್ರಿಗೆ ಹೋಗ್ರಿ. ಉಪಾಸ ಇದ್ದ ಗೊರವಯ್ಯ ಎತ್ತರದ ಬಿಲ್ಲು ಏರ್ತಾನ, ಲಕ್ಷ ಮಂದಿ ಗಪ್ ಆಗ್ತಾರ. ಒಂದ ಮಾತು, ಮುಗೀತು, ಮ್ಯಾಲಿಂದ ಬೀಳ್ತಾನ. ಆ ಕಾರಣಿಕದ ಮಾತಿಗೆ ರೈತ ಮಳಿ ಬೆಳಿ ಅರ್ಥ ಹಚ್ತಾನ, ರಾಜಕಾರಣಿ ಕುರ್ಚಿ ಅರ್ಥ ಹಚ್ತಾನ. ವರ್ಷಗಟ್ಟಲೆ ಮಂದಿ ನೆನಪಿಡ್ತಾರ. ಅದನ್ನ ಎರಡು ಸಾಲು ಮಾಡಿದ್ರ ಕಾರಣಿಕ ಉಳೀತದೇನು?

'ಬೀಸೋ ಕಲ್ಲು ಹೋತು, ಗಿರಣಿ ಬಂತು, ಇನ್ನ ಆ ಪದ ಯಾಕ?' ಅಂತ ಕೇಳೋರಿಗೆ ನನ್ನ ಉತ್ತರ ಇಷ್ಟ. ಬಾದಾಮಿ ಶಾಸನ ಕೆತ್ತಿದೋನು ಕಲ್ಲು ಬೀಸ್ತಿದ್ದಿಲ್ಲ, ಸರ್ವಜ್ಞನೂ ಬೀಸ್ತಿದ್ದಿಲ್ಲ. ತ್ರಿಪದಿ ಅವ್ರ ಕೈಯಾಗೂ ಬದುಕ್ತು. ಕಲ್ಲು ಹೋದ್ರ ಅಳತಿ ಹೋಗಲ್ಲ, ಹೆಸರು ಮರೆತ್ರ ಹೋಗ್ತದ. ಹೊಸ ಕವನ ಬರೆಯೋರ ಮ್ಯಾಲೆ ನನಗ ಸಿಟ್ಟಿಲ್ಲ, ಅವ್ರ ದಾರಿ ಅವ್ರಿಗೆ.

ಸಾಲಿ ಸ್ಪರ್ಧಾದಾಗ 'ಜಾನಪದ ಗೀತೆ' ಅಂತ ಒಂದ ಬಹುಮಾನ ಇಡೋ ಬದಲಿಗೆ ತ್ರಿಪದಿಗೊಂದು, ಸೋಬಾನಕ್ಕೊಂದು, ಒಡಪಿಗೊಂದು ಇಡ್ರಿ. ಮನ್ಯಾಗ ಹಿರೇರ ಹಾಡು ಮೊಬೈಲ್‌ನಾಗ ಹಿಡಿಯೋ ಮುಂದ ಹಾಡಿದಾಕಿ ಹೆಸರು, ಊರು, ಯಾವ ಕೆಲಸಕ್ಕ ಹಾಡೋದು, ಆ ಪದಕ್ಕ ಏನಂತಾರ ಅನ್ನೋದನ್ನೂ ಆಕಿ ಬಾಯಿಂದನ ಹೇಳಿಸ್ರಿ. ಹಾಡು ನೆನಪಿರೋ ಅತ್ತಿ, ಅಜ್ಜಿ ನಮ್ಮ ಮನ್ಯಾಗ ಇನ್ನ ಎಷ್ಟು ಮಂದಿ ಉಳಿದಾರ, ಎಣಿಸ್ರಿ. ಆ ಎಣಿಕಿ ಮುಗಿಯೋದ್ರಾಗ ಇಷ್ಟ ಆದ್ರೂ ಮಾಡೋಣು.